ಉಲ್ಕೆಗೆ ಸಾಕ್ಷಿ ಯಾರು?

ಈದುಲ್ ಫಿತ್ರ್‌ನ ಚಂದ್ರದರ್ಶನದ ಸಂಜೆಯನ್ನು ನೆನಪಿಸಿಕೊಳ್ಳಿ. ಒಬ್ಬರು ಬಂದು "ಕಂಡೆ" ಎಂದರೆ ಸಾಲದು. ಎಲ್ಲಿ ನಿಂತು ಕಂಡಿರಿ, ಯಾವ ದಿಕ್ಕಿನಲ್ಲಿ, ಎಷ್ಟು ಹೊತ್ತಿಗೆ, ಇನ್ನು ಯಾರು ಕಂಡರು ಎಂದು ಖಾಝಿಯವರು ವಿಚಾರಿಸುತ್ತಾರೆ. ಅರಬಿಯಲ್ಲಿ 'ಶಿಹಾಬ್' ಎನ್ನುವ ಉಲ್ಕೆಯ ವಿಷಯದಲ್ಲೂ ವಿಜ್ಞಾನ ಕೇಳುವುದು ಇದೇ ಪ್ರಶ್ನೆಗಳನ್ನು.

1621ರ ಏಪ್ರಿಲ್ 10ರ ಮುಂಜಾನೆ ಜಲಂಧರ್ ಪ್ರಾಂತದ ಹಳ್ಳಿಯೊಂದರಲ್ಲಿ ಭಾರೀ ಸದ್ದಿನೊಂದಿಗೆ ಬೆಳಕೊಂದು ನೆಲಕ್ಕೆ ಬಿತ್ತು. ಅಲ್ಲಿನ ಅಧಿಕಾರಿ ನೆಲ ಅಗೆಸಿದಾಗ ಬಿಸಿಯಾದ ಕಬ್ಬಿಣದ ಗಟ್ಟಿ ಸಿಕ್ಕಿತು. ಚಕ್ರವರ್ತಿ ಜಹಾಂಗೀರ್ ಅದನ್ನು ತೂಗಿಸಿದ. 160 ತೊಲ! ಸಾದಾ ಕಬ್ಬಿಣ ಬೆರೆಸಿ ಅದರಿಂದ ಎರಡು ಕತ್ತಿ, ಒಂದು ಚೂರಿ, ಒಂದು ಕಠಾರಿ ಮಾಡಿಸಿ ಎಲ್ಲವನ್ನೂ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಚೂರಿ ಇಂದು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ದಿನ, ಸ್ಥಳ, ತೂಕ ಎಲ್ಲವೂ ದಾಖಲಾದವು. ಆದರೆ ಅದು ಬಾಹ್ಯಾಕಾಶದ ಯಾವ ಭಾಗದಿಂದ ಬಂತೆಂದು ಹೇಳಲು ಒಂದೂರಿನ ಸಾಕ್ಷಿ ಸಾಲದಾಯಿತು.

ಏಕೆ ಸಾಲದು? ಹೆಬ್ಬೆರಳನ್ನು ಮುಂದೆ ಚಾಚಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಜಾಗ ಬದಲಿಸಿದಂತೆ ಕಾಣುತ್ತದೆ. ಆ ವ್ಯತ್ಯಾಸದಿಂದಲೇ ದೂರವನ್ನು ಲೆಕ್ಕ ಹಾಕಬಹುದು. 1798ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಬ್ರಾಂಡೆಸ್ ಮತ್ತು ಬೆನ್ಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಕಡೆ ಕುಳಿತು ಉಲ್ಕೆಗಳನ್ನು ಗುರುತಿಸಿದರು. ಇಬ್ಬರಿಗೂ ಕಂಡ ಉಲ್ಕೆಗಳನ್ನು ಹೋಲಿಸಿ, ಅವು ಮೋಡಗಳಿಗಿಂತ ಎಷ್ಟೋ ಮೇಲೆ, ಹತ್ತಾರು ಕಿಲೋಮೀಟರ್ ಎತ್ತರದಲ್ಲಿ ಉರಿಯುತ್ತವೆಂದು ತೋರಿಸಿದರು. ಅವರ ಬಳಿ ಕ್ಯಾಮೆರಾ ಇರಲಿಲ್ಲ, ಶಿಸ್ತು ಇತ್ತು.

1885ರಲ್ಲಿ ಪ್ರಾಗ್ ನಗರದಲ್ಲಿ ಉಲ್ಕೆಯ ಮೊದಲ ಛಾಯಾಚಿತ್ರ ತೆಗೆಯಲಾಯಿತು. 1959ರ ಏಪ್ರಿಲ್ 7ರಂದು ಜೆಕೊಸ್ಲೊವಾಕಿಯಾದ ಪ್ರಿಬ್ರಾಮ್ ಬಳಿ ಹೊಳೆದ ಬೆಂಕಿಯುಂಡೆಯನ್ನು ಎರಡು ಕಡೆಯ ಕ್ಯಾಮೆರಾಗಳು ಸೆರೆಹಿಡಿದವು. ಸೆಪ್ಲೆಖಾ ಎಂಬ ವಿಜ್ಞಾನಿ ಅದರ ಹಾದಿಯನ್ನು ಲೆಕ್ಕ ಹಾಕಿದರು. ಹುಡುಕಿದಾಗ ನಾಲ್ಕು ಕಲ್ಲುಗಳು ಸಿಕ್ಕವು. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಪ್ರದೇಶದಿಂದ ಅವು ಬಂದವೆಂದು ಮೊತ್ತಮೊದಲಿಗೆ ಖಚಿತವಾಯಿತು.

ಅಂದು ವೀಕ್ಷಣಾಲಯಗಳಿಗಷ್ಟೇ ಸಾಧ್ಯವಿದ್ದ ಈ ಕೆಲಸವನ್ನು ಇಂದು ಮನೆಯ ತಾರಸಿಯಿಂದಲೂ ಮಾಡಬಹುದು. ಅಂಗಡಿಯ ಕಾವಲಿಗೆ ಇಡುವಂಥ ಕ್ಯಾಮೆರಾ, ಅಂಗೈಯಗಲದ ಕಂಪ್ಯೂಟರ್, ಸರಿಯಾದ ಸಮಯ ತಿಳಿಸುವ ಅಂತರ್ಜಾಲ ಇಷ್ಟಿದ್ದರೆ ಸಾಕು. ಹಲವು ದೇಶಗಳ ಹವ್ಯಾಸಿಗಳು ಹೀಗೆ ರಾತ್ರಿಯಿಡೀ ಆಕಾಶವನ್ನು ದಾಖಲಿಸುತ್ತಾರೆ. 2021ರ ಫೆಬ್ರವರಿ 28ರ ರಾತ್ರಿ ಇಂಗ್ಲೆಂಡಿನ ವಿಂಚ್‌ಕೂಂಬ್‌ನಲ್ಲಿ ಇದರ ಫಲ ಕಂಡಿತು. ಹವ್ಯಾಸಿಗಳ ಕ್ಯಾಮೆರಾಗಳು ಬೆಂಕಿಯುಂಡೆಯ ಹಾದಿ ತೋರಿಸಿದವು. ಮನೆಯೊಂದರ ಅಂಗಳಕ್ಕೆ ಬಿದ್ದ ಕಪ್ಪು ಚೂರುಗಳನ್ನು ಮನೆಯವರು ಮರುದಿನವೇ ಜೋಪಾನವಾಗಿ ತೆಗೆದಿಟ್ಟರು. ಅದರ ಖನಿಜಗಳಲ್ಲಿ ಹುದುಗಿದ್ದ ನೀರಿನ ಲಕ್ಷಣ ಭೂಮಿಯ ನೀರಿಗೆ ಹತ್ತಿರವಾಗಿತ್ತು. ನಮ್ಮ ಸಮುದ್ರಗಳ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅದೊಂದು ಮಹತ್ವದ ಸುಳಿವು.

ಈಗ ನಮ್ಮೂರಿಗೆ ಬನ್ನಿ. 1866ರ ಏಪ್ರಿಲ್‌ನಲ್ಲಿ ಉಡುಪಿಯಲ್ಲೂ ಆಕಾಶದಿಂದ ಒಂದು ಕಲ್ಲು ಬಿದ್ದಿತ್ತು. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದರ ಹೆಸರಿದೆ, ಆದರೆ ಅದು ಬಂದ ದಾರಿ ತಿಳಿಯದು. ಮುಂದಿನ ಕಲ್ಲು ಬೀಳುವ ರಾತ್ರಿಯಾದರೂ ನಮ್ಮಲ್ಲಿ ಸಾಕ್ಷಿಗಳಿರಬೇಡವೇ?

ವಿದ್ಯಾರ್ಥಿಗಳೇ, ಕ್ಯಾಮೆರಾ ಇಲ್ಲವೆಂದು ಕೈಕಟ್ಟಿ ಕೂರಬೇಡಿ. ಡಿಸೆಂಬರ್ 14ರ ಆಸುಪಾಸಿನ ರಾತ್ರಿಗಳಲ್ಲಿ ಪ್ರತಿವರ್ಷ ಉಲ್ಕೆಗಳು ಹೆಚ್ಚು. ಇಪ್ಪತ್ತು ಮೂವತ್ತು ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ ಇಬ್ಬರು ಗೆಳೆಯರು ಕುಳಿತು, ಸಮಯವನ್ನೂ ಯಾವ ನಕ್ಷತ್ರದ ಪಕ್ಕದಲ್ಲಿ ಕಂಡಿತೆಂಬುದನ್ನೂ ಬರೆದಿಡಿ. ಕಂಡದ್ದನ್ನಷ್ಟೇ ಬರೆಯಿರಿ, ಕಾಣದ್ದನ್ನು ಸೇರಿಸಬೇಡಿ. ಸತ್ಯಸಾಕ್ಷ್ಯ ನುಡಿಯುವುದನ್ನು ನಮ್ಮ ಧರ್ಮ ಕಲಿಸಿದೆ. ವಿಜ್ಞಾನವೂ ಅಲ್ಲಿಂದಲೇ ಆರಂಭವಾಗುತ್ತದೆ.