ಬಲಗೆನ್ನೆಯ ಮಚ್ಚೆಯ ಚರಿತ್ರೆ



ಹತ್ತನೆಯ ತರಗತಿಯ ಮಕ್ಕಳ ವಿವರ ಬರೆಯುವ ಕಾಲ ಬಂತೆಂದರೆ ನಮ್ಮಂಥ ಮೇಷ್ಟ್ರುಗಳಿಗೆ ಒಂದು ವಿಚಿತ್ರ ಕೆಲಸ. ಒಬ್ಬೊಬ್ಬರನ್ನೇ ಕರೆದು, "ಎಲ್ಲಿದೆ ಮಚ್ಚೆ, ತೋರಿಸಪ್ಪಾ" ಎಂದು ಕೇಳಿ ಅಂಗಗುರುತಿನ ಕಾಲಮ್ಮಿನಲ್ಲಿ ಎರಡು ಗುರುತು ಬರೆಯಬೇಕು. ನಾನೂ ವರ್ಷಗಟ್ಟಲೆ ಬರೆದಿದ್ದೇನೆ. ಅದರ ಹಿಂದೆ ಒಂದು ಚರಿತ್ರೆ ಇದೆಯೆಂದು ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದ್ದು ನೆಗಮಂನ ಒಬ್ಬ ಹುಡುಗಿ. ಕೊಯಮತ್ತೂರು ಜಿಲ್ಲೆಯ ಈ ಊರು ಕೈಮಗ್ಗದ ಹತ್ತಿ ಸೀರೆಗೆ ಹೆಸರಾದದ್ದು. ಇಲ್ಲಿನ ದೇವಾಂಗ ನೇಕಾರರು ಶಾಲೆಯಲ್ಲಿ ತಮಿಳು ಓದಿದರೂ ಮನೆಯಲ್ಲಿ ಆಡುವುದು ಕನ್ನಡ. ನಮ್ಮ ಬಂಧುಗಳ ಮನೆಯ ಆ ಹುಡುಗಿ ಗೆಳತಿಯರ ಹಾಸ್ಯ ತಾಳಲಾರದೆ ಸುಣ್ಣಕ್ಕೆ ಸೋಡಾ ಕಲಸಿ ಕೆನ್ನೆಯ ಮಚ್ಚೆಗೆ ಹಚ್ಚಿಕೊಂಡಿದ್ದಳು. ಮಚ್ಚೆ ಹೋಗಲಿಲ್ಲ, ಸುತ್ತಲಿನ ಚರ್ಮ ಸುಟ್ಟಿತು. "ಮಾವ, ಡಾಕ್ಟರ ಹತ್ರ ತೆಗೆಸಿಬಿಟ್ರೆ ಸರ್ಟಿಫಿಕೇಟಲ್ಲಿ ಬರೆದಿರೋದು ಏನಾಗುತ್ತೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ!

ಮಚ್ಚೆ ತೆಗೆಸುವುದು ಇಂದಿನ ಶೋಕಿಯಲ್ಲ. ಸುಶ್ರುತ ಸಂಹಿತೆಯಲ್ಲೇ ಇದರ ಮಾತಿದೆ. ಎಳ್ಳಿನಂತೆ ಕಪ್ಪಾಗಿ, ಚರ್ಮದ ಮಟ್ಟಕ್ಕೇ ಇರುವುದು ತಿಲಕಾಲಕ. ಉದ್ದಿನ ಕಾಳಿನಂತೆ ಉಬ್ಬಿದ್ದು ಮಷಕ. ಹುಟ್ಟಿನಿಂದಲೇ ಬಂದದ್ದು ಜತುಮಣಿ. ಇವನ್ನು ಶಸ್ತ್ರದಿಂದ ಕೆತ್ತಿ, ಕ್ಷಾರ ಅಥವಾ ಬೆಂಕಿಯಿಂದ ಸುಡಬೇಕೆಂದು ಹೇಳಿದೆ. ನಮ್ಮ ಹುಡುಗಿಯ ಸುಣ್ಣ-ಸೋಡಾ ಕೂಡ ಕ್ಷಾರವೇ. ಆದರೆ ಸುಶ್ರುತನದು ವೈದ್ಯನ ಕೈಯ ಕ್ಷಾರ, ಎಷ್ಟು ಹೊತ್ತು ಇಡಬೇಕು, ಯಾವಾಗ ತೆಗೆಯಬೇಕು ಎಂದು ತಿಳಿದವನದು. ಆ ತಿಳಿವಳಿಕೆ ಬಿಟ್ಟುಹೋಗಿ ಸುಣ್ಣ ಮಾತ್ರ ಅಡುಗೆಮನೆಯಲ್ಲಿ ಉಳಿಯಿತು.

ಇನ್ನು ಗುರುತಿನ ಕಥೆ. ಫೋಟೋ ಅಪರೂಪವಾಗಿದ್ದ ಕಾಲದಲ್ಲಿ ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಬಂದರೆ ಹಿಡಿಯುವುದು ಹೇಗೆ? 1880ರ ದಶಕದಲ್ಲಿ ಪ್ಯಾರಿಸ್ಸಿನ ಪೊಲೀಸ್ ಇಲಾಖೆಯ ಬರ್ಟಿಲ್ಲಾನ್ ಮೈ ಅಳತೆಗಳ ಜೊತೆಗೆ ಗಾಯದ ಕಲೆ, ಮಚ್ಚೆಗಳನ್ನೂ ಬರೆದಿಡುವ ಕ್ರಮ ತಂದ. ಅದಕ್ಕೂ ಮೊದಲೇ, 1858ರಲ್ಲಿ, ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನ ಅಂಗೈ ಅಚ್ಚನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡಿದ್ದ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಛೇರಿ ತೆರೆಯಿತು. 2010ರಲ್ಲಿ ಆಧಾರ್ ಬಂದು ಬೆರಳು, ಕಣ್ಣಿನ ಪಾಪೆ ಎರಡನ್ನೂ ದಾಖಲಿಸಿತು. ಮಚ್ಚೆಯ ಕೆಲಸ ಹೀಗೆ ಹಗುರವಾಗುತ್ತಾ ಬಂತು. ಆದರೂ ನಮ್ಮ ಟಿ.ಸಿ.ಯಲ್ಲಿ ಆ ಕಾಲಮ್ಮು ಕೂತೇ ಇದೆ!

ತೆಗೆಯುವ ವಿದ್ಯೆಯೂ ಬೆಳೆಯಿತು. 1926ರಲ್ಲಿ ಬಾಸ್ಟನ್ನಿನಲ್ಲಿ ಬೋವಿ ಎಂಬಾತ ಮಾಡಿದ ವಿದ್ಯುತ್ ಯಂತ್ರವನ್ನು ಡಾ. ಕುಶಿಂಗ್ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದರು. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈ ಆಕ್ಸೈಡ್ ಲೇಸರ್ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಚರ್ಮವೈದ್ಯರು ಇಂದು ಬಳಸುವ ಲೇಸರುಗಳಲ್ಲಿ ಅದೂ ಒಂದು.

ಆದರೆ ನನ್ನ ಮಟ್ಟಿಗೆ ದೊಡ್ಡ ಲಾಭ ಬೇರೆಯೇ ಇದೆ. ಕೊಯ್ದು ತೆಗೆದ ಚೂರನ್ನು ಈಗ ಸೂಕ್ಷ್ಮದರ್ಶಕದಡಿ ನೋಡಬಹುದು. ಮಚ್ಚೆಗಳಲ್ಲಿ ಹೆಚ್ಚಿನವು ನಿರಪಾಯ, ಎಲ್ಲೋ ಅಪರೂಪಕ್ಕೊಂದು ಮೆಲನೋಮ ಎಂಬ ಕ್ಯಾನ್ಸರ್. 1985ರಲ್ಲಿ ನ್ಯೂಯಾರ್ಕಿನ ವೈದ್ಯರು ಸರಳ ಲಕ್ಷಣ ಕೊಟ್ಟರು: ಎರಡು ಅರ್ಧ ಸಮವಿಲ್ಲದಿರುವುದು, ಅಂಚು ಹರಕುಮುರುಕು, ಬಣ್ಣ ಹಲವು, ಅಗಲ 6 ಮಿಲಿಮೀಟರಿಗಿಂತ ಹೆಚ್ಚು. ಬದಲಾಗುತ್ತಿರುವುದು ಎಂಬ ಐದನೆಯದನ್ನು ಆಮೇಲೆ ಸೇರಿಸಿದರು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಇದು ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಕಾಣಿಸುವುದೇ ಹೆಚ್ಚು. ಕೆನ್ನೆ ನೋಡುವ ಕನ್ನಡಿಗೆ ಅಂಗಾಲು ಕಾಣುವುದಿಲ್ಲ! ಲೇಸರಿನಲ್ಲಿ ಸುಟ್ಟರೆ ಪರೀಕ್ಷೆಗೆ ಚೂರೇ ಉಳಿಯದು. ಸುಣ್ಣದಲ್ಲಿ ಸುಟ್ಟರೆ ಲಕ್ಷಣವೇ ಮುಚ್ಚಿಹೋಗಬಹುದು. ಆದ್ದರಿಂದ ಮೊದಲು ವೈದ್ಯರ ಕಣ್ಣು, ಆಮೇಲೆ ಉಳಿದದ್ದು.

ಹುಡುಗಿಗೆ ನಾನು ಹೇಳಿದ್ದಿಷ್ಟೆ: "ತೆಗೆಸಬೇಕೆನಿಸಿದರೆ ಚರ್ಮದ ಡಾಕ್ಟರ ಹತ್ತಿರ ಅಪ್ಪ-ಅಮ್ಮನ ಜೊತೆ ಹೋಗು. ಅವರು ಕೊಟ್ಟ ಚೀಟಿ ಜೋಪಾನ ಮಾಡು, ಶಾಲೆಗೂ ತಿಳಿಸು. ಎರಡನೆಯ ಗುರುತು, ಮೊಣಕಾಲಿನ ಗಾಯದ ಕಲೆ, ಹೇಗೂ ಇದೆಯಲ್ಲ. ಆದರೆ ಗೆಳತಿಯರು ನಕ್ಕರೆಂದು ತೆಗೆಸಬೇಡ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಯೋಚನೆ ಮಾಡ್ತೀನಿ ಮಾವ" ಅಂದಳು.

ಮುಂದಿನ ಸಲ ಆ ಕಾಲಮ್ಮು ತುಂಬುವಾಗ ಮಗುವನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ ಮಚ್ಚೆ ಹುಡುಕುವುದು ಬೇಡ, ಪಕ್ಕಕ್ಕೆ ಕರೆದು ಕೇಳೋಣ. ನಗು ಹುಟ್ಟುವುದು ಎಷ್ಟೋ ಸಲ ನಮ್ಮ ಮೇಜಿನ ಹತ್ತಿರವೇ ಅಲ್ಲವೇ?