ದೊಮೇನ್ (ಬರ್ಗಂಡಿ)

ದೊಮೇನ್ ಎಂಬುದು ಫ್ರಾನ್ಸಿನ ಬರ್ಗಂಡಿ ಪ್ರದೇಶದಲ್ಲಿ ತಾನು ಬೆಳೆದ ದ್ರಾಕ್ಷಿಯಿಂದಲೇ ವೈನ್ ತಯಾರಿಸಿ, ಸೀಸೆಗೆ ತುಂಬಿ ಮಾರುವ ವೈನ್ ತೋಟಕ್ಕಿರುವ ಹೆಸರು. ಇವುಗಳಲ್ಲಿ ಹೆಚ್ಚಿನವು ಕೆಲವೇ ಹೆಕ್ಟೇರ್ ವಿಸ್ತಾರದ, ಕುಟುಂಬದ ಒಡೆತನದ ತೋಟಗಳು. ಇಲ್ಲಿನ ಕೆಂಪು ವೈನ್‌ಗೆ ಮುಖ್ಯವಾಗಿ ಪಿನೊ ನ್ವಾರ್, ಬಿಳಿ ವೈನ್‌ಗೆ ಶಾರ್ಡೊನೆ ತಳಿಯ ದ್ರಾಕ್ಷಿಯನ್ನು ಬಳಸಲಾಗುತ್ತದೆ.

ಇತಿಹಾಸ

ಮಧ್ಯಯುಗದಲ್ಲಿ ಇಲ್ಲಿನ ಉತ್ತಮ ತೋಟಗಳಲ್ಲಿ ಹಲವು ಕ್ರೈಸ್ತ ಮಠಗಳ ಅಧೀನದಲ್ಲಿದ್ದವು. 1098ರಲ್ಲಿ ಸ್ಥಾಪನೆಯಾದ ಸಿತೋ ಮಠದ ಸನ್ಯಾಸಿಗಳು ಕ್ಲೋ ದ ವೂಜೋ ತೋಟವನ್ನು ಬೆಳೆಸಿದರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಮಾರಲಾಯಿತು. 1804ರ ನೆಪೋಲಿಯನ್ ಸಂಹಿತೆಯು ಮಕ್ಕಳಿಗೆಲ್ಲ ಪಿತ್ರಾರ್ಜಿತದಲ್ಲಿ ಸಮಪಾಲನ್ನು ವಿಧಿಸಿದುದರಿಂದ ತೋಟಗಳು ತಲೆಮಾರಿನಿಂದ ತಲೆಮಾರಿಗೆ ಒಡೆಯುತ್ತ ಬಂದವು. ಸುಮಾರು 50 ಹೆಕ್ಟೇರ್‌ಗಳ ಕ್ಲೋ ದ ವೂಜೋಗೆ ಇಂದು ಸುಮಾರು 80 ಮಂದಿ ಒಡೆಯರಿದ್ದಾರೆ.

ಹಿಂದೆ ಬೆಳೆಗಾರರು ತಮ್ಮ ವೈನನ್ನು ಪೀಪಾಯಿಗಳಲ್ಲಿ ಸಗಟು ವ್ಯಾಪಾರಿಗಳಿಗೆ ಮಾರುತ್ತಿದ್ದರು. 1920 ಮತ್ತು 1930ರ ದಶಕಗಳಲ್ಲಿ ಮಾರ್ಕಿ ದಾಂಜೆರ್ವಿಲ್, ಆನ್ರಿ ಗೂಜ್, ಆರ್ಮಾನ್ ರೂಸೋ ಮೊದಲಾದವರು ಸ್ವತಃ ಸೀಸೆ ತುಂಬಿ ಮಾರುವ ಪದ್ಧತಿಗೆ ನಾಂದಿ ಹಾಡಿದರು.

ಕ್ಲಿಮಾ ಮತ್ತು ದರ್ಜೆಗಳು

ಮಣ್ಣು, ಇಳಿಜಾರು ಹಾಗೂ ಬಿಸಿಲಿನ ವ್ಯತ್ಯಾಸದ ಆಧಾರದಲ್ಲಿ ಗುರುತಿಸಿ ಹೆಸರಿಸಲಾದ ಭೂಖಂಡವನ್ನು ‘ಕ್ಲಿಮಾ’ ಎನ್ನುತ್ತಾರೆ. ಈ ಕ್ಲಿಮಾಗಳನ್ನು ಯುನೆಸ್ಕೋ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವೈನ್‌ಗಳಲ್ಲಿ ಪ್ರಾದೇಶಿಕ, ಗ್ರಾಮ, ಪ್ರಥಮ ದರ್ಜೆ (ಪ್ರೆಮಿಯೇ ಕ್ರೂ) ಮತ್ತು ಮಹಾ ದರ್ಜೆ (ಗ್ರಾನ್ ಕ್ರೂ) ಎಂಬ ನಾಲ್ಕು ಶ್ರೇಣಿಗಳಿವೆ.

ಭೇಟಿ ಮತ್ತು ರುಚಿ ಪರೀಕ್ಷೆ

ಸಣ್ಣ ದೊಮೇನ್‌ಗಳಿಗೆ ಭೇಟಿ ನೀಡಲು ಸಾಮಾನ್ಯವಾಗಿ ಮುಂಚಿತವಾಗಿ ಸಮಯ ನಿಗದಿಪಡಿಸಿಕೊಳ್ಳಬೇಕು. ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಅನೇಕರು ಸಂದರ್ಶಕರನ್ನು ಬರಮಾಡಿಕೊಳ್ಳುವುದಿಲ್ಲ. ಅನೇಕ ಕಡೆ ಒಡೆಯರೇ ಅತಿಥಿಗಳನ್ನು ತಂಪಾದ ನೆಲಮಾಳಿಗೆಗೆ ಕರೆದೊಯ್ಯುತ್ತಾರೆ. ಅಲ್ಲಿ 228 ಲೀಟರ್ ಹಿಡಿಯುವ ಓಕ್ ಮರದ ಪೀಪಾಯಿಗಳಲ್ಲಿ ವೈನ್ ಮಾಗುತ್ತಿರುತ್ತದೆ. ಇನ್ನೂ ಮಾಗುತ್ತಿರುವ ವೈನನ್ನು ಉದ್ದನೆಯ ಕೊಳವೆಯಿಂದ ಹೀರಿ ತೆಗೆದು ಲೋಟಕ್ಕೆ ಬಿಡುವುದುಂಟು.

ಮೊದಲು ವೈನಿನ ಬಣ್ಣವನ್ನೂ ತಿಳಿತನವನ್ನೂ ನೋಡುತ್ತಾರೆ; ಬಳಿಕ ಲೋಟವನ್ನು ಮೆಲ್ಲನೆ ತಿರುಗಿಸಿ ಪರಿಮಳವನ್ನು ಆಘ್ರಾಣಿಸುತ್ತಾರೆ; ಕೊನೆಗೆ ಗುಟುಕೊಂದನ್ನು ಬಾಯಲ್ಲಿ ಆಡಿಸಿ ಹುಳಿ, ಒಗರು ಹಾಗೂ ರುಚಿ ಉಳಿಯುವ ಅವಧಿಯನ್ನು ಗಮನಿಸುತ್ತಾರೆ. ಅನಂತರ ವೈನನ್ನು ಪಾತ್ರೆಯೊಂದಕ್ಕೆ ಉಗುಳುವುದು ಇಲ್ಲಿನ ರೂಢಿ. ಇದನ್ನು ಅಗೌರವವೆಂದು ಭಾವಿಸುವುದಿಲ್ಲ. ಸಾಮಾನ್ಯವಾಗಿ ಕೆಳ ದರ್ಜೆಯಿಂದ ಆರಂಭಿಸಿ ಮೇಲಿನ ದರ್ಜೆಗೆ ಸಾಗುತ್ತಾರೆ. ಒಂದೇ ತಳಿಯ ದ್ರಾಕ್ಷಿ, ಒಂದೇ ವರ್ಷದ ಬೆಳೆ, ಒಬ್ಬರದೇ ಕೈಕೆಲಸವಾಗಿದ್ದರೂ ಅಕ್ಕಪಕ್ಕದ ಎರಡು ಕ್ಲಿಮಾಗಳ ವೈನ್‌ಗಳ ರುಚಿ ಬೇರೆಯಾಗಿರುವುದನ್ನು ತಿಳಿಯುವುದೇ ಈ ಪರೀಕ್ಷೆಯ ಮುಖ್ಯ ಉದ್ದೇಶ.

ಸವಾಲುಗಳು

ದೊಮೇನ್‌ಗಳನ್ನು ಚಿಕ್ಕದಾಗಿಸಿದ ಸಮಪಾಲಿನ ನಿಯಮವೇ ಇಂದು ಅವುಗಳ ಉಳಿವಿಗೂ ತೊಡಕಾಗಿದೆ. ಭೂಮಿಯ ಬೆಲೆ ವಿಪರೀತವಾಗಿ ಏರಿರುವುದರಿಂದ ತೋಟವನ್ನು ಮುಂದುವರಿಸಬಯಸುವ ವಾರಸುದಾರರಿಗೆ ಉತ್ತರಾಧಿಕಾರ ತೆರಿಗೆಯನ್ನು ಭರಿಸುವುದೂ, ಒಡಹುಟ್ಟಿದವರ ಪಾಲನ್ನು ಕೊಳ್ಳುವುದೂ ಕಷ್ಟವಾಗುತ್ತಿದೆ. ಈ ನಡುವೆ ಹೆಸರಾಂತ ತೋಟಗಳು ದೊಡ್ಡ ಉದ್ಯಮ ಸಮೂಹಗಳ ಕೈಸೇರುತ್ತಿವೆ. 2014ರಲ್ಲಿ ಕ್ಲೋ ದೆ ಲಾಂಬ್ರೇ ಎಲ್‌ವಿಎಂಎಚ್ ಸಂಸ್ಥೆಯ ಪಾಲಾಯಿತು. 2017ರಲ್ಲಿ ಕ್ಲೋ ದ ತಾರ್ ತೋಟವನ್ನು ಪಿನೋ ಕುಟುಂಬದ ಆರ್ತೆಮಿಸ್ ಸಂಸ್ಥೆ ಕೊಂಡಿತು.

ಹವಾಮಾನ ಬದಲಾವಣೆಯೂ ಬೆಳೆಗಾರರನ್ನು ಕಾಡುತ್ತಿದೆ. ಬೆಚ್ಚನೆಯ ದಿನಗಳಿಂದಾಗಿ ಬಳ್ಳಿಗಳು ಬೇಗನೆ ಚಿಗುರಿದಾಗ, ತಡವಾಗಿ ಬೀಳುವ ಹಿಮಕ್ಕೆ ಎಳೆಯ ಚಿಗುರು ಸುಟ್ಟುಹೋಗುತ್ತದೆ. 2021ರ ಏಪ್ರಿಲ್‌ನಲ್ಲಿ ಬೆಳೆಗಾರರು ರಾತ್ರಿಯಿಡೀ ಬಳ್ಳಿಗಳ ಸಾಲುಗಳ ನಡುವೆ ದೊಡ್ಡ ಮೇಣದ ಬತ್ತಿಗಳನ್ನು ಉರಿಸಿದರೂ, ವಿಶೇಷವಾಗಿ ಬೇಗ ಚಿಗುರುವ ಶಾರ್ಡೊನೆ ಬೆಳೆಗೆ ಭಾರಿ ಹಾನಿಯಾಯಿತು.