ಆಫ್‌ರೋಡ್ ವಾಹನಗಳ ಸಾರ್ವಜನಿಕ ಜಾಡುಗಳು: ಅಮೆರಿಕದ ಚರಿತ್ರೆ

ಡಾಂಬರು ಹಾಕಿದ ರಸ್ತೆಯನ್ನು ತೊರೆದು ಕಾಡು, ಮರುಭೂಮಿ, ಮರಳದಿಣ್ಣೆ, ಬಂಡೆಯ ಹಾಸುಗಳ ಮೇಲೆ ವಿನೋದಾರ್ಥವಾಗಿ ಓಡಿಸುವ ಜೀಪು, ಮೋಟಾರುಸೈಕಲ್ಲು, ದಪ್ಪ ಟೈರಿನ ಚಿಕ್ಕ ಬಂಡಿ ಮುಂತಾದವುಗಳಿಗಾಗಿ ಸರಕಾರಿ ನೆಲದಲ್ಲಿ ಗೊತ್ತುಮಾಡಿ, ನಕ್ಷೆಯಲ್ಲಿ ಗುರುತಿಸಿ, ದುರಸ್ತಿಯಲ್ಲಿ ಇಟ್ಟುಕೊಂಡು ಬಂದಿರುವ ದಾರಿಗಳಿಗೆ ಈ ಹೆಸರು ಸಲ್ಲುತ್ತದೆ. ಇಂಥ ಜಾಡುಗಳು ಅನೇಕ ದೇಶಗಳಲ್ಲಿದ್ದರೂ ಅವುಗಳ ಯೋಜನೆ ಮತ್ತು ನಿರ್ವಹಣೆ ಒಂದು ಶಾಸ್ತ್ರವೆನ್ನಿಸುವಷ್ಟು ಬೆಳೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ; ಅದಕ್ಕೆ ಮುಖ್ಯ ಕಾರಣ ಅಲ್ಲಿಯ ಭೂಸ್ವಾಮ್ಯದ ಸ್ವರೂಪ. ಆ ದೇಶದ ನೆಲದಲ್ಲಿ ಕಾಲುಭಾಗಕ್ಕೂ ಮಿಕ್ಕಿ, ಅಂದರೆ ಸುಮಾರು 64 ಕೋಟಿ ಎಕರೆ, ಕೇಂದ್ರ ಸರಕಾರದ ಸ್ವತ್ತಾಗಿದ್ದು, ಅದರಲ್ಲಿ ಸುಮಾರು 24.5 ಕೋಟಿ ಎಕರೆ ಭೂನಿರ್ವಹಣಾ ಬ್ಯೂರೋದ ವಶದಲ್ಲಿಯೂ ಸುಮಾರು 19.3 ಕೋಟಿ ಎಕರೆ ಅರಣ್ಯ ಇಲಾಖೆಯ ವಶದಲ್ಲಿಯೂ ಇವೆ. ಬೇಲಿಯಿಲ್ಲದ ಈ ವಿಸ್ತಾರದಲ್ಲಿ, ಮುಚ್ಚಿದೆಯೆಂದು ಬರೆಯದ ಕಡೆಯೆಲ್ಲ ವಾಹನಕ್ಕೆ ತೆರೆದಿದೆಯೆಂಬ ಹಳೆಯ ಭಾವನೆ ಅಳಿದು, ತೆರೆದಿದೆಯೆಂದು ಬರೆಯದ ಕಡೆಯೆಲ್ಲ ಮುಚ್ಚಿದೆಯೆಂಬ ನಿಯಮ ನೆಲೆಗೊಂಡ ಕಥೆಯೇ ಈ ವಿಷಯದ ಚರಿತ್ರೆ. ಈ ಪರಿವರ್ತನೆಗೆ ಅರ್ಧ ಶತಮಾನದಷ್ಟು ಕಾಲ ಹಿಡಿಯಿತು.

ಮೊದಲ ಜಾಡುಗಳನ್ನು ಯಾರೂ ವಿನೋದಕ್ಕೆಂದು ಮಾಡಲಿಲ್ಲ. ಸಾರ್ವಜನಿಕ ಭೂಮಿಯ ಮೇಲೆ ಹೆದ್ದಾರಿಗಳನ್ನು ನಿರ್ಮಿಸಲು ಯಾರಿಗೂ ಹಾದಿಯ ಹಕ್ಕು ಕೊಡುವ ಒಂದು ವಾಕ್ಯವನ್ನು 1866ರ ಗಣಿ ಕಾಯಿದೆಯಲ್ಲಿ ಸೇರಿಸಲಾಗಿತ್ತು. ಗಣಿಗಾರರು, ದನಗಾಹಿಗಳು, ಮರ ಕಡಿಯುವವರು ಆ ಹಕ್ಕಿನ ಆಸರೆಯಲ್ಲಿ ಪಶ್ಚಿಮದ ತುಂಬ ಬಂಡಿದಾರಿಗಳನ್ನು ಬಿಟ್ಟುಹೋದರು. 1950ರ ದಶಕದಲ್ಲಿ ಯುರೇನಿಯಂ ಶೋಧನೆಯ ಭರಾಟೆ ಯೂಟಾ ಸಂಸ್ಥಾನದ ಕೆಂಪುಬಂಡೆಯ ಕಣಿವೆಗಳಿಗೆ ನುಗ್ಗಿದಾಗ ಇನ್ನಷ್ಟು ದಾರಿಗಳು ಹುಟ್ಟಿಕೊಂಡವು; ಇಂದು ಪ್ರವಾಸಿಗಳು ಮೆಚ್ಚಿ ಹೋಗುವ ವೈಟ್ ರಿಮ್ ಎಂಬ ಸುತ್ತುದಾರಿ ಆ ಕಾಲದ್ದೇ. ಎರಡನೆಯ ಮಹಾಯುದ್ಧ ಮುಗಿದು ಸೈನ್ಯದ ಜೀಪುಗಳು ಅಗ್ಗದ ಬೆಲೆಗೆ ಜನರ ಕೈಸೇರಿದುವಷ್ಟೆ, ಕೆಲಸದ ದಾರಿಗಳು ಭಾನುವಾರದ ದಾರಿಗಳಾದವು. ಕ್ಯಾಲಿಫೋರ್ನಿಯದ ಜಾರ್ಜ್‌ಟೌನ್ ಎಂಬ ಸಣ್ಣ ಊರಿನವರು 1953ರ ಆಗಸ್ಟಿನಲ್ಲಿ ರೂಬಿಕಾನ್ ಎಂಬ ಹಳೆಯ ಬೆಟ್ಟದಾರಿಯ ಮೂಲಕ ಟಾಹೋ ಸರೋವರದವರೆಗೆ ಜೀಪುಗಳ ಯಾತ್ರೆಯೊಂದನ್ನು ಹೊರಡಿಸಿದರು. ಅದರಲ್ಲಿ 55 ವಾಹನಗಳೂ 155 ಮಂದಿಯೂ ಇದ್ದರು. 1967ರಲ್ಲಿ ಯೂಟಾದ ಮೋಆಬ್ ಪಟ್ಟಣದಲ್ಲಿ ಈಸ್ಟರ್ ಹಬ್ಬದ ಜೀಪುಯಾತ್ರೆ ಆರಂಭವಾಯಿತು. ಎರಡೂ ಇಂದಿಗೂ ನಡೆಯುತ್ತಿವೆ.

ಊರಿನವರು ವರ್ಷಕ್ಕೊಮ್ಮೆ ಒಟ್ಟಾಗಿ ಹೊರಡುತ್ತಿದ್ದಷ್ಟು ದಿನ ಯಾವ ನಿರ್ವಹಣೆಯೂ ಬೇಕಾಗಿರಲಿಲ್ಲ. ಆದರೆ 1960ರ ದಶಕದಲ್ಲಿ ಹಗುರವಾದ ಮೋಟಾರುಸೈಕಲ್ಲುಗಳೂ, 1970ರಲ್ಲಿ ಹೋಂಡಾ ಕಂಪನಿ ಮಾರುಕಟ್ಟೆಗೆ ತಂದ ಉಬ್ಬಿದ ಟೈರಿನ ಮೂರು ಗಾಲಿಯ ಬಂಡಿಯೂ, ಮುಂದೆ 1980ರ ದಶಕದಲ್ಲಿ ಅದರ ಸ್ಥಾನವನ್ನು ಆಕ್ರಮಿಸಿದ ನಾಲ್ಕು ಗಾಲಿಯ ಬಂಡಿಯೂ ಬಂದ ಮೇಲೆ, ಬೆಟ್ಟ ಹತ್ತಲು ಕೌಶಲವಾಗಲಿ ದೊಡ್ಡ ಹಣವಾಗಲಿ ಬೇಕಿಲ್ಲದಂತಾಯಿತು. ಮೂರು ಗಾಲಿಯದು ಮಗುಚಿ ಬಿದ್ದು ಅನೇಕರ, ಅದರಲ್ಲಿಯೂ ಮಕ್ಕಳ, ಪ್ರಾಣಕ್ಕೆ ಎರವಾದುದರಿಂದ 1988ರಲ್ಲಿ ತಯಾರಕರು ಸರಕಾರದೊಡನೆ ನ್ಯಾಯಾಲಯದ ಮೂಲಕ ಒಪ್ಪಂದ ಮಾಡಿಕೊಂಡು ಅದರ ಮಾರಾಟವನ್ನು ನಿಲ್ಲಿಸಿದರು. ಅರಣ್ಯ ಇಲಾಖೆಯ ಅಂದಾಜಿನಂತೆ ಈ ವಾಹನಗಳನ್ನು ಬಳಸುವವರು 1972ರಲ್ಲಿ ಸುಮಾರು 50 ಲಕ್ಷ ಮಂದಿ. 2000ದ ಹೊತ್ತಿಗೆ ಸುಮಾರು 3 ಕೋಟಿ 60 ಲಕ್ಷ.

ಇಷ್ಟು ಜನ ಮರುಭೂಮಿಯ ಮೇಲೆ ಓಡಾಡಿದರೆ ಏನಾದೀತೆಂಬುದಕ್ಕೆ ಸಾಕ್ಷ್ಯ ಮೊದಲೇ ಇತ್ತು. ಜನರಲ್ ಪ್ಯಾಟನ್ 1942ರಲ್ಲಿ ಸೈನಿಕರ ತರಬೇತಿಗಾಗಿ ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ ಓಡಿಸಿದ ಟ್ಯಾಂಕುಗಳ ಗುರುತು ದಶಕಗಳ ತರುವಾಯವೂ ಬರಿಗಣ್ಣಿಗೆ ಕಾಣುವಂತೆ ಉಳಿದಿತ್ತು. ಮರುಭೂಮಿಯ ನೆಲ ನೋಡುವುದಕ್ಕೆ ನಿರ್ಜೀವವಾಗಿದ್ದರೂ, ಸಣ್ಣ ಕಲ್ಲುಗಳ ಹಾಸು ಹಾಗೂ ಸೂಕ್ಷ್ಮಜೀವಿಗಳು ಹೆಣೆದ ತೆಳುವಾದ ಹೊರಪದರ ಅದರ ಧೂಳನ್ನು ಹಿಡಿದಿಟ್ಟಿರುತ್ತವೆ. ಆ ಪದರ ಒಮ್ಮೆ ಒಡೆಯಿತೆಂದರೆ ಗಾಳಿಗೆ ಹಾರುವ ಮಣ್ಣನ್ನು ತಡೆಯುವುದು ಯಾವುದೂ ಉಳಿಯದು. ಬಾರ್‌ಸ್ಟೋ ಪಟ್ಟಣದಿಂದ ಲಾಸ್ ವೇಗಸ್ಸಿನವರೆಗೆ 1967ರಿಂದ ನಡೆಯುತ್ತಿದ್ದ ಮೋಟಾರುಸೈಕಲ್ ಪಂದ್ಯದಲ್ಲಿ 1974ರ ವೇಳೆಗೆ ಸುಮಾರು ಮೂರು ಸಾವಿರ ಸವಾರರು ಒಂದೇ ಸಾಲಿನಲ್ಲಿ ನಿಂತು ಏಕಕಾಲಕ್ಕೆ ಹೊರಡುತ್ತಿದ್ದರು. ಆ ವರ್ಷದ ಹಾನಿಯನ್ನು ಅಳೆದು ನೋಡಿದ ಬ್ಯೂರೋ ಮರುವರ್ಷ ಅನುಮತಿಯನ್ನು ನಿರಾಕರಿಸಿತು. ಸವಾರರು ಬಿಡಲಿಲ್ಲ, ಅನುಮತಿಯಿಲ್ಲದ ಪ್ರತಿಭಟನೆಯ ಸವಾರಿಗಳನ್ನು ‘ಮರುಭೂಮಿಯ ಮಾಯಾಬಾತು’ ಎಂಬ ಅಡ್ಡಹೆಸರಿನಲ್ಲಿ ನಡೆಸಿದರು. ನಗೆ ಬರಿಸುವ ಈ ಪ್ರಸಂಗ ಅಂದಿನ ಅಧಿಕಾರಿಗಳ ನಿಸ್ಸಹಾಯಕತೆಯನ್ನು ಯಾವ ವರದಿಗಿಂತಲೂ ಚೆನ್ನಾಗಿ ತೋರಿಸುತ್ತದೆ. ಪಂದ್ಯಕ್ಕೆ 1983ರಲ್ಲಿ ಮತ್ತೆ ಅನುಮತಿ ದೊರೆತು, 1989ರಲ್ಲಿ ಅದು ಕೊನೆಯ ಬಾರಿಗೆ ನಡೆಯಿತು. ಅದರ ಮರುವರ್ಷ ಮರುಭೂಮಿಯ ಆಮೆ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿತು.

ಕಾನೂನು ಮಾತ್ರ ತಡವಾಗಿ ಬಂದಿತೆನ್ನುವಂತಿಲ್ಲ. 1972ರ ಫೆಬ್ರವರಿ 8ರಂದು ಅಧ್ಯಕ್ಷ ನಿಕ್ಸನ್ ಹೊರಡಿಸಿದ 11644ನೆಯ ಆಜ್ಞೆ, ಪ್ರತಿಯೊಂದು ಇಲಾಖೆಯೂ ತನ್ನ ಭೂಮಿಯಲ್ಲಿ ವಾಹನಗಳು ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಎಂಬುದನ್ನು ಗೊತ್ತುಮಾಡಬೇಕೆಂದೂ, ಹಾಗೆ ಗೊತ್ತುಮಾಡುವಾಗ ಮಣ್ಣು, ಜಲಾನಯನ ಹಾಗೂ ಸಸ್ಯಗಳ ಹಾನಿಯನ್ನು, ವನ್ಯಪ್ರಾಣಿಗಳಿಗೆ ಆಗುವ ಕಿರುಕುಳವನ್ನು ಮತ್ತು ಇತರ ವಿಹಾರಿಗಳೊಡನೆ ಉಂಟಾಗುವ ಘರ್ಷಣೆಯನ್ನು ಕನಿಷ್ಠಗೊಳಿಸಬೇಕೆಂದೂ ವಿಧಿಸಿತು. ಹಾನಿಯನ್ನು ಕೇವಲ ಪರಿಗಣಿಸಿದರೆ ಸಾಲದು, ಕನಿಷ್ಠಗೊಳಿಸಲೇಬೇಕು ಎಂಬ ಈ ಕಟ್ಟಳೆ ಅನಂತರದ ಬಹುತೇಕ ವ್ಯಾಜ್ಯಗಳ ಮೂಲ. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ಬಿಗಿಗೊಳಿಸಿ, ಗಣನೀಯ ಹಾನಿ ಕಂಡುಬಂದ ಕೂಡಲೇ ಆ ಪ್ರದೇಶವನ್ನು ಮುಚ್ಚುವ ಹೊಣೆಯನ್ನು ಅಧಿಕಾರಿಗಳ ಮೇಲೆ ಹೊರಿಸಿದರು. ನಡುವೆ, 1976ರ ಭೂನೀತಿ ಕಾಯಿದೆ 1866ರ ಹಾದಿಯ ಹಕ್ಕನ್ನು ರದ್ದುಪಡಿಸಿತಾದರೂ ಅದುವರೆಗೆ ಪ್ರಾಪ್ತವಾಗಿದ್ದ ಹಕ್ಕುಗಳನ್ನು ಉಳಿಸಿಕೊಟ್ಟಿತು. ಇದರಿಂದಾಗಿ ಯೂಟಾದ ಕೌಂಟಿಗಳು (ಜಿಲ್ಲೆಗಳು) ಹಳೆಯ ಬಂಡಿದಾರಿಗಳನ್ನು ತಮ್ಮವೆಂದು ಸಾಧಿಸುವ ದಾವೆಗಳಿಗೆ ಕೊನೆಯೇ ಇಲ್ಲದಂತಾಯಿತು. ಆಜ್ಞೆಗಳು ಹೀಗಿದ್ದರೂ ಅವನ್ನು ನೆಲದ ಮೇಲೆ ನಡೆಸುವ ಸಿಬ್ಬಂದಿಯಾಗಲಿ ಹಣವಾಗಲಿ ಇಲಾಖೆಗಳಲ್ಲಿ ಇರಲಿಲ್ಲ. ಬಹುಪಾಲು ಅರಣ್ಯಗಳು ಮೊದಲಿನಂತೆಯೇ ತೆರೆದಿದ್ದವು.

ಹಣದ ಪ್ರಶ್ನೆಗೆ ಉತ್ತರ ಕಂಡುಕೊಂಡದ್ದು ಕ್ಯಾಲಿಫೋರ್ನಿಯ. 1971ರಲ್ಲಿ ಅಂಗೀಕೃತವಾದ ಅಲ್ಲಿಯ ಚಾಪಿ-ಜ್‌ಬರ್ಗ್ ಕಾಯಿದೆ ಪ್ರತಿಯೊಂದು ವಾಹನವನ್ನೂ ನೋಂದಾಯಿಸಿ ಅದಕ್ಕೊಂದು ಚೀಟಿ ಅಂಟಿಸಬೇಕೆಂದು ವಿಧಿಸಿ, ಆ ಶುಲ್ಕವನ್ನೂ ರಸ್ತೆಯಾಚೆ ಉರಿದ ಪೆಟ್ರೋಲಿನ ಮೇಲಿನ ತೆರಿಗೆಯ ಪಾಲನ್ನೂ ಜಾಡುಗಳ ನಿಧಿಗೆ ಸೇರಿಸಿತು. ಹಸಿರು ಚೀಟಿ ಎಂದು ಪ್ರಸಿದ್ಧವಾದ ಈ ವ್ಯವಸ್ಥೆಯ ಫಲವಾಗಿ ಹಾಲಿಸ್ಟರ್ ಬೆಟ್ಟಗಳು, ಓಷಿಯಾನೊ ಮರಳದಿಣ್ಣೆಗಳು ಮೊದಲಾದೆಡೆ ವಾಹನಗಳಿಗೇ ಮೀಸಲಾದ ಸಂಸ್ಥಾನೋದ್ಯಾನಗಳು ಏರ್ಪಟ್ಟವು. ಸವಾರನೇ ತನ್ನ ವಿನೋದದ ಹಾನಿಗೆ ತೆರಬೇಕೆಂಬ ಈ ತತ್ತ್ವ ನ್ಯಾಯವಾದದ್ದಷ್ಟೇ ಅಲ್ಲ, ಫಲಪ್ರದವೂ ಆಯಿತು: ಹಣ ಬಂದಲ್ಲಿ ಲೆಕ್ಕ ಕೇಳುವ ಹಕ್ಕೂ ಬಂದಿತು. ಜಾಡುಗಳ ಸ್ಥಿತಿಯನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿ, ಕೆಂಪಾದುದನ್ನು ದುರಸ್ತಿ ಮಾಡುವ ಇಲ್ಲವೆ ಮುಚ್ಚುವ ಪದ್ಧತಿಯೂ, 2003ರಿಂದ ಹೊಗೆಕೊಳವೆಯ ಬಳಿ ಅಳೆದ ಸದ್ದು 1986ರಿಂದ ಈಚೆಗೆ ತಯಾರಾದ ವಾಹನಗಳಲ್ಲಿ 96 ಡೆಸಿಬೆಲ್ ಮೀರಬಾರದೆಂಬ ಮಿತಿಯೂ ಅಲ್ಲಿ ಜಾರಿಗೆ ಬಂದವು. ಇದೇ ತತ್ತ್ವವನ್ನು ಇಡೀ ದೇಶಕ್ಕೆ ಅನ್ವಯಿಸಿದ 1991ರ ಸಿಮ್ಸ್ ಕಾಯಿದೆಯಿಂದ ವಿಹಾರಜಾಡುಗಳ ರಾಷ್ಟ್ರೀಯ ನಿಧಿ ಹುಟ್ಟಿತು. ಇಂಧನ ತೆರಿಗೆಯನ್ನು ಅವಲಂಬಿಸಿದ ಈ ನಿಧಿಯಲ್ಲಿ ಶೇಕಡಾ 30 ಮೋಟಾರು ಜಾಡುಗಳಿಗೆ, ಶೇಕಡಾ 30 ಕಾಲುನಡೆ ಮುಂತಾದ ಮೋಟಾರಿಲ್ಲದವುಗಳಿಗೆ, ಉಳಿದ 40 ಬಗೆಬಗೆಯ ಬಳಕೆಯವುಗಳಿಗೆ ಸಲ್ಲುತ್ತದೆ.

ಜಾಡು ಕಟ್ಟುವ ಕಲೆ ಬೆಳೆದದ್ದು ಸೋಲುಗಳಿಂದ. ನಡೆಯುವವನ ಕಾಲು ಮಣ್ಣನ್ನು ಒತ್ತುತ್ತದೆ. ತಿರುಗುವ ಗಾಲಿ ಅದನ್ನು ಕಿತ್ತು ಹಿಂದಕ್ಕೆಸೆಯುತ್ತದೆ. ಬೆಟ್ಟದ ನೆತ್ತಿಯಿಂದ ನೇರವಾಗಿ ಕೆಳಗಿಳಿಯುವ ಜಾಡಿನಲ್ಲಿ ಹಾಗೆ ಸಡಿಲವಾದ ಮಣ್ಣನ್ನು ಮೊದಲ ಮಳೆ ಒಯ್ಯುತ್ತದೆ, ಗಾಲಿ ಕೊರೆದ ಗೆರೆಯೇ ನೀರಿನ ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗಿ ಓಡಿಸಲು ಆಗದಂತಾದಾಗ ಸವಾರ ಅದರ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯುತ್ತಾನೆ. ಹೀಗೆ ಒಂದು ದಾರಿ ಕೆಲವೇ ಋತುಗಳಲ್ಲಿ ನಾಲ್ಕಾಗಿ ಹರಡಿಕೊಳ್ಳುತ್ತದೆ. ಆದುದರಿಂದ ಬಲ್ಲ ನಿರ್ಮಾಪಕರು ಜಾಡನ್ನು ಬೆಟ್ಟದ ಪಕ್ಕೆಗೆ ಅಡ್ಡಲಾಗಿ, ಮೆಲ್ಲನೆ ಏರುವಂತೆ ಒಯ್ದು, ನಡುನಡುವೆ ಅದನ್ನು ತಗ್ಗಿಸಿ ಮತ್ತೆ ಉಬ್ಬಿಸಿ, ಆ ತಗ್ಗುಗಳಲ್ಲಿ ನೀರು ವೇಗ ಪಡೆಯುವ ಮೊದಲೇ ಹೊರಗೆ ಹರಿದುಹೋಗುವಂತೆ ಮಾಡುತ್ತಾರೆ. ಜವುಗಿನಲ್ಲಿ ಸಂದಿಗಳುಳ್ಳ ಕಾಂಕ್ರೀಟು ಇಟ್ಟಿಗೆಗಳನ್ನು ಹಾಸಿ ನೆಲವನ್ನು ಗಟ್ಟಿಮಾಡುತ್ತಾರೆ. ನೇರವಾದ ಓಟವನ್ನು ತಪ್ಪಿಸಿ ತಿರುವುಗಳನ್ನು ಇಡುವುದಕ್ಕೆ ಎರಡು ಕಾರಣಗಳುಂಟು: ವೇಗ ತಾನಾಗಿ ಇಳಿಯುತ್ತದೆ, ಮತ್ತು ಸವಾರನಿಗೆ ಬೇಸರವಾಗುವುದಿಲ್ಲ. ಈ ಎರಡನೆಯದನ್ನು ಇಲಾಖೆಗಳು ಬಹಳ ತಡವಾಗಿ ಅರಿತುಕೊಂಡವು. ಹೋಗಿ ಅದೇ ದಾರಿಯಲ್ಲಿ ಮರಳಬೇಕಾದ ಜಾಡಿನ ತುದಿಯಲ್ಲಿ ಸವಾರ ಹೊಸ ದಾರಿ ಹುಡುಕುವುದು ಸಹಜ. ಸುತ್ತಿಕೊಂಡು ಹೊರಟಲ್ಲಿಗೇ ಬರುವ ಜಾಡು ಅವನನ್ನು ಬೇಲಿಗಿಂತ ಚೆನ್ನಾಗಿ ಹಿಡಿದಿಡುತ್ತದೆ. ಮುಚ್ಚಿದ ದಾರಿಯ ವಿಷಯದಲ್ಲಿಯೂ ಫಲಕಕ್ಕಿಂತ ಉಪಾಯವೇ ಮೇಲು. ಮೊಹಾವಿಯಲ್ಲಿ ಅಕ್ರಮ ಜಾಡು ಕವಲೊಡೆಯುವ ಕಡೆ ಕೆಲಸಗಾರರು ಒಣಗಿದ ಪೊದೆಗಳನ್ನು ನೆಲದಲ್ಲಿ ನೆಟ್ಟಗೆ ಹೂತು, ನೆಲವನ್ನು ಕೆದಕಿ, ಕಲ್ಲುಗಳನ್ನು ಚೆಲ್ಲಿ, ಕವಲಿನಲ್ಲಿ ನಿಂತವನ ಕಣ್ಣು ಹರಿಯುವಷ್ಟು ದೂರ ದಾರಿಯನ್ನೇ ಮರೆಸಿಬಿಡುತ್ತಾರೆ; ದಾರಿ ಕಾಣದವನಿಗೆ ನಿಷೇಧದ ಅಗತ್ಯವೇ ಇಲ್ಲ. ಸತ್ತ ಪೊದೆಗಳ ನೆರಳಿನಲ್ಲಿ ಗಾಳಿ ತಂದ ಬೀಜ ನಿಂತು ಮೊಳೆಯುವುದು ಹೆಚ್ಚಿನ ಲಾಭ.

ಸರಕಾರಿ ಭೂಮಿ ವಿರಳವಾಗಿರುವ ಪೂರ್ವಭಾಗದಲ್ಲಿ ಬೇರೊಂದು ಮಾದರಿ ಬೆಳೆಯಿತು. ಪಶ್ಚಿಮ ವರ್ಜೀನಿಯದ ಶಾಸನಸಭೆ 1996ರಲ್ಲಿ ರಚಿಸಿದ ಪ್ರಾಧಿಕಾರವೊಂದು ಕಲ್ಲಿದ್ದಲು ಮತ್ತು ಮರದ ಕಂಪನಿಗಳ ಖಾಸಗಿ ಬೆಟ್ಟಗಳಲ್ಲಿ ಜಾಡು ಹಾಕುವ ಒಪ್ಪಂದ ಮಾಡಿಕೊಂಡು, ಸವಾರರಿಂದ ಪರವಾನಗಿ ಶುಲ್ಕ ಪಡೆದು, ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿ, 2000ದ ಅಕ್ಟೋಬರಿನಲ್ಲಿ ಮೊದಲ ಜಾಡುಗಳನ್ನು ತೆರೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕಣಿವೆಗಳಲ್ಲಿ ಒಬ್ಬರನ್ನೊಬ್ಬರು ಗುಂಡಿಕ್ಕಿ ಕೊಂದ ಹ್ಯಾಟ್‌ಫೀಲ್ಡ್ ಮತ್ತು ಮೆಕಾಯ್ ಕುಟುಂಬಗಳ ಹೆಸರನ್ನೇ ಅವಕ್ಕೆ ಇಟ್ಟಿರುವುದು ಪ್ರವಾಸೋದ್ಯಮದ ಜಾಣತನ. ಗಣಿ ಕುಸಿದು ಬಡವಾದ ಊರುಗಳು ಈ ಸವಾರರಿಂದ ಚೇತರಿಸಿಕೊಂಡು, ತಮ್ಮ ಬೀದಿಗಳಲ್ಲಿಯೂ ಅವರ ಬಂಡಿಗಳಿಗೆ ಎಡೆಗೊಟ್ಟವು.

ಕೇಂದ್ರದ ಅರಣ್ಯಗಳಲ್ಲಿ ನಿರ್ಣಾಯಕ ತಿರುವು ಬಂದದ್ದು ಹೊಸ ಶತಮಾನದಲ್ಲಿ. ಅರಣ್ಯ ಇಲಾಖೆಯ ಮುಖ್ಯಸ್ಥ ಡೇಲ್ ಬಾಸ್ವರ್ತ್ 2003ರಲ್ಲಿ ಅರಣ್ಯಗಳನ್ನು ಕಾಡುವ ನಾಲ್ಕು ಭೀತಿಗಳನ್ನು ಹೆಸರಿಸಿದಾಗ, ಕಾಡ್ಗಿಚ್ಚು, ಹೊರಗಿನಿಂದ ಬಂದ ಕಳೆಜೀವಿಗಳು ಹಾಗೂ ತೆರೆದ ಭೂಮಿಯ ನಷ್ಟದೊಡನೆ ನಿರ್ವಹಣೆಯಿಲ್ಲದ ವಿಹಾರವನ್ನೂ ಸೇರಿಸಿದರು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಯೂಟಾದ ಪರಿಸರವಾದಿಗಳ ಮೊಕದ್ದಮೆಯಲ್ಲಿ, ಭೂಮಿಯನ್ನು ಕೆಡದಂತೆ ಕಾಪಾಡಬೇಕೆಂಬ ಸಾಮಾನ್ಯ ಕರ್ತವ್ಯವನ್ನು ಮಾಡಿಸುವುದಕ್ಕೆ ನ್ಯಾಯಾಲಯ ಬ್ಯೂರೋವನ್ನು ಬಲವಂತಪಡಿಸಲಾರದೆಂದು ಸರ್ವಾನುಮತದಿಂದ ತೀರ್ಪಿತ್ತಿತು. ಇದರಿಂದ ಕ್ರಮ ಕೈಗೊಳ್ಳುವ ಹೊಣೆ ಇಲಾಖೆಗಳ ವಿವೇಕಕ್ಕೇ ಮರಳಿತು. ಅಂತೂ 2005ರ ನವೆಂಬರಿನಲ್ಲಿ ಅರಣ್ಯ ಇಲಾಖೆ ಸಂಚಾರ ನಿಯಮವನ್ನು ಪ್ರಕಟಿಸಿತು. ಪ್ರತಿಯೊಂದು ರಾಷ್ಟ್ರೀಯ ಅರಣ್ಯವೂ ಯಾವ ರಸ್ತೆ, ಯಾವ ಜಾಡು, ಯಾವ ಪ್ರದೇಶ, ಯಾವ ಬಗೆಯ ವಾಹನಕ್ಕೆ, ವರ್ಷದ ಯಾವ ತಿಂಗಳುಗಳಲ್ಲಿ ತೆರೆದಿದೆಯೆಂದು ಒಂದು ನಕ್ಷೆಯಲ್ಲಿ ಅಚ್ಚುಹಾಕಬೇಕು. ನಕ್ಷೆಯಲ್ಲಿಲ್ಲದ ಕಡೆ ಓಡಿಸುವುದು ಅಪರಾಧ. ಚಿತ್ರವಾಗಲಿ ಎತ್ತರದ ರೇಖೆಗಳಾಗಲಿ ಇಲ್ಲದ ಈ ಬೋಳು ಕಪ್ಪುಬಿಳುಪು ಹಾಳೆಯನ್ನು ಉಚಿತವಾಗಿ ಹಂಚುತ್ತಾರೆ, ಮತ್ತು ಸ್ಥಳದಲ್ಲಿ ಫಲಕವಿಲ್ಲವೆಂಬುದು ಸವಾರನಿಗೆ ನೆಪವಾಗದು. ನಿಕ್ಸನ್ನರ ಆಜ್ಞೆಯಿಂದ ಇಲ್ಲಿಗೆ 33 ವರ್ಷ. ಒಂದು ನಕ್ಷೆ ಬರೆಯುವುದಕ್ಕೆ ಇದು ದೀರ್ಘವಾದ ಕಾಲವೆಂದೇ ಹೇಳಬೇಕು.

ನಕ್ಷೆಯೊಂದರಿಂದಲೇ ನಿರ್ವಹಣೆ ಮುಗಿಯುವುದಿಲ್ಲವೆಂಬುದಕ್ಕೆ ರೂಬಿಕಾನ್ ನಿದರ್ಶನ. ಅಲ್ಲಿಯ ಸ್ಪೈಡರ್ ಸರೋವರದ ದಡವನ್ನು 2004ರಲ್ಲಿ ಮುಚ್ಚಬೇಕಾಗಿ ಬಂದದ್ದು ಗಾಲಿಗಳಿಂದಲ್ಲ, ತಂಗಿದ್ದವರ ಮಲದಿಂದ. 2009ರಲ್ಲಿ ಜಲನಿಯಂತ್ರಣ ಮಂಡಳಿ ಸ್ಥಳೀಯ ಕೌಂಟಿಗೂ ಅರಣ್ಯ ಇಲಾಖೆಗೂ ಮಣ್ಣಿನ ಸವೆತ, ಚೆಲ್ಲಿದ ಎಣ್ಣೆ, ಮಲಿನತೆಗಳನ್ನು ಸರಿಪಡಿಸುವಂತೆ ಆಜ್ಞಾಪಿಸಿತು. ಆಮೇಲೆ ನೀರು ಹರಿಯುವ ಮೋರಿಗಳಿಗೆ ಕಲ್ಲು ಕಟ್ಟಲಾಯಿತು, ಶೌಚಗೃಹಗಳು ಬಂದವು. ಬಂಡೆಗೆ ತಗುಲಿ ಎಂಜಿನ್ನಿನ ತಳ ಒಡೆದರೆ ಎಣ್ಣೆಯನ್ನು ಹೀರಿಕೊಳ್ಳುವ ಬಟ್ಟೆಯನ್ನು ಸ್ವಯಂಸೇವಕರು ಸವಾರರಿಗೆ ಹಂಚತೊಡಗಿದರು. ಅರಣ್ಯ ಇಲಾಖೆ 1985ರಲ್ಲಿ ಆರಂಭಿಸಿದ ‘ಟ್ರೆಡ್ ಲೈಟ್ಲಿ’ (ಹಗುರವಾಗಿ ಹೆಜ್ಜೆಯಿಡಿ) ಎಂಬ ಪ್ರಚಾರಕಾರ್ಯಕ್ಕಿಂತ ಇಂಥ ಕೆಲಸದಿಂದ ಆದ ಪ್ರಯೋಜನ ಹೆಚ್ಚೆಂದು ತೋರುತ್ತದೆ.

ಮರುಭೂಮಿಯ ವಿವಾದಕ್ಕೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಕೊಟ್ಟ ಇತ್ತೀಚಿನ ಪರಿಹಾರ ಹಂಚಿಕೆಯ ರೂಪದ್ದು. 2019ರ ಮಾರ್ಚ್ 12ರಂದು ಅಂಕಿತವಾದ ಡಿಂಗೆಲ್ ಕಾಯಿದೆ, ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಜಾನ್ಸನ್ ಕಣಿವೆ, ಡ್ಯೂಮಾಂಟ್ ದಿಣ್ಣೆಗಳು, ಎಲ್ ಮಿರಾಜ್, ರೇಸರ್, ಸ್ಪ್ಯಾಂಗ್ಲರ್ ಬೆಟ್ಟಗಳು, ಸ್ಟಾಡರ್ಡ್ ಕಣಿವೆ ಎಂಬ ಆರು ಪ್ರದೇಶಗಳನ್ನು, ಒಟ್ಟು ಸುಮಾರು ಎರಡು ಲಕ್ಷ ಎಕರೆಯನ್ನು, ಆಫ್‌ರೋಡ್ ವಾಹನಗಳ ವಿಹಾರಕ್ಕೆ ಶಾಸನಬದ್ಧವಾಗಿ ಮೀಸಲಿಟ್ಟಿತು. ಅದೇ ಕಾಯಿದೆ ಅದೇ ಮರುಭೂಮಿಯಲ್ಲಿ ಸುಮಾರು 3,75,000 ಎಕರೆಯನ್ನು ಯಾವ ಮೋಟಾರೂ ಪ್ರವೇಶಿಸಕೂಡದ ನಿರ್ಜನಾರಣ್ಯವೆಂದು ಘೋಷಿಸಿತು.